ಓದಿದ ಪತ್ರವನ್ನೂ ಕಾಯುವ ಅಂಚೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕುಳಿತ ಮಹಿಳೆಯೊಬ್ಬರು ಲ್ಯಾಬಿನ ಹೆಸರಿನಲ್ಲಿ ಒಂದು ಸುಳ್ಳು ಇಮೇಲ್ ಕಳಿಸುತ್ತಾರೆ. ರೋಗಿಯೇ ಇಲ್ಲದ ರಿಪೋರ್ಟು. ಅದನ್ನು ತಾವೇ ತೆರೆದು ಓದುತ್ತಾರೆ. ಆಮೇಲೆ ಮೆಟ್ಟಿಲು ಹತ್ತಿ ವಾರ್ಡಿಗೆ ಹೋಗಿ ಪ್ರಿಂಟರ್ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಕಾಗದ ಹೊರಬಂದ ಮೇಲೆಯೇ ಬಾಯಿಗೆ ಕಾಫಿ.

"ಬಂದ್ನಾ ನಿಮ್ಮ ಸುಳ್ಳು ರೋಗಿ?" ಎಂದು ನರ್ಸ್ ಛೇಡಿಸುತ್ತಾರೆ.

"ಬಂದ. ಗುಂಡುಕಲ್ಲಿನ ಹಾಗಿದಾನೆ."

ಇಡೀ ಆಸ್ಪತ್ರೆಗೆ ಇವರು ಅಂಚೆಯಕ್ಕ. ದಿನಕ್ಕೆ ಆರು ಸಾವಿರದಷ್ಟು ಇಮೇಲ್ ದಾಟಿಸುವ ಸರ್ವರ್ ಇವರ ಸುಪರ್ದಿಯಲ್ಲಿದೆ. ಅದಕ್ಕೆ ಜೋಡಿಸಿದ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಮ್ ಕೂಡ ಇವರೇ ಬರೆದದ್ದು. ಲ್ಯಾಬಿನಿಂದ ತುರ್ತು ರಿಪೋರ್ಟು ಬಂದರೆ ವಾರ್ಡಿನ ಪ್ರಿಂಟರಿಗೂ ಡಾಕ್ಟರ ಫೋನಿಗೂ ಮುಟ್ಟಿಸುವುದು ಅದರ ಕೆಲಸ. ಮುಟ್ಟಿಸಲು ಪತ್ರದ ಫೈಲು ಬೇಕು, ಫೈಲು ಸಿಗಲು ಅದರ ಹೆಸರು ಬೇಕು. ಕೇಳಲು ಸುಲಿದ ಬಾಳೆಹಣ್ಣು.

"ಮೊದಲು, ಪತ್ರ ಬಂದ ಕೂಡ್ಲೇ ಫೈಲಿನ ಹೆಸರು ಹಿಡಿದಿಟ್ಕೊಂಡು, ಸರದಿ ಬಂದಾಗ ಅದೇ ಹೆಸರಲ್ಲಿ ಹುಡುಕೋ ಹಾಗೆ ಬರ್ದಿದ್ದೆ. ಅಷ್ಟರಲ್ಲಿ ಯಾರಾದ್ರೂ ಪತ್ರ ತೆರೆದ್ರೆ, ಓದಾಯ್ತು ಅನ್ನೋ ಗುರುತಿಗೆ ಸರ್ವರ್ ಆ ಫೈಲಿನ ಹೆಸರಿನ ಬಾಲಕ್ಕೆ ಒಂದು ಅಕ್ಷರ ಅಂಟಿಸುತ್ತೆ. ಹೆಸರೇ ಬೇರೆ ಆಯ್ತಲ್ಲ! ನನ್ನ ಪ್ಲಗಿನ್ ಹಳೇ ಹೆಸರಲ್ಲಿ ಹುಡುಕಿ, ಸಿಗದಿದ್ರೆ ಯಾರೋ ಅಳಿಸಿದಾರೆ ಅಂದ್ಕೊಂಡು ಸುಮ್ನಾಗ್ತಿತ್ತು."

ಹಾಗೆ ಸುಮ್ಮನಾದ ಒಂದು ದಿನ ವಾರ್ಡಿನಲ್ಲಿ ಮಲಗಿದ್ದವರು ಇವರ ಸ್ವಂತ ಭಾವ, ಒಡಹುಟ್ಟಿದ ಅಕ್ಕನ ಗಂಡ. ಕಾಲಿನ ಗಾಯ, ಬಿಡದ ಜ್ವರ. ರಕ್ತಕ್ಕೆ ನಂಜೇರಿದೆ, ಔಷಧಿ ಬದಲಿಸಿ ಎಂಬ ರಿಪೋರ್ಟು ಬಂತು. ವಾರ್ಡಿನ ಗುಮಾಸ್ತರು ಅದನ್ನು ತೆರೆದು ನೋಡಿ, ಪ್ರಿಂಟು ಹೇಗೂ ಬರುತ್ತದೆಂದು ನಂಬಿ ಮುಚ್ಚಿದರು. ಪ್ರಿಂಟು ಬರಲಿಲ್ಲ, ಡಾಕ್ಟರ ಫೋನಿಗೂ ಮುಟ್ಟಲಿಲ್ಲ. ಮೂರನೆಯ ದಿನ ಭಾವ ತೀರಿಕೊಂಡರು.

"ವಿಚಾರಣೆಯವರು ತಾಂತ್ರಿಕ ದೋಷ ಅಂತ ಬರ್ದು ಎದ್ದು ಹೋದ್ರು. ದೋಷಕ್ಕೆ ಕೈಕಾಲಿರುತ್ತಾ? ಬರ್ದಿದ್ದು ಈ ಕೈ," ಎಂದು ಬಲಗೈಯನ್ನು ಮೇಜಿನ ಮೇಲಿಡುತ್ತಾರೆ. ಅಕ್ಕನಿಗೆ ಇದನ್ನು ಹೇಳಿದವರೂ ಇವರೇ. "ಅವಳು ಬೈದಿದ್ರೆ ಎಷ್ಟೋ ವಾಸಿಯಿತ್ತು. ಊಟ ಮಾಡ್ಕೊಂಡು ಹೋಗು ಅಂದ್ಲು."

ಈಗಿನ ಪ್ಲಗಿನ್ ಹಳೆಯ ಹೆಸರನ್ನು ನಂಬುವುದಿಲ್ಲ. ಪತ್ರಕ್ಕೆ ಸರ್ವರ್ ಕೊಟ್ಟ, ಓದಿದರೂ ಬದಲಾಗದ ಸಂಖ್ಯೆಯನ್ನಷ್ಟೇ ಇಟ್ಟುಕೊಂಡು, ಫೈಲು ತೆರೆಯುವ ಕ್ಷಣದಲ್ಲಿ ಈಗ ಇದರ ಹೆಸರೇನೆಂದು ಸರ್ವರನ್ನೇ ಕೇಳುತ್ತದೆ. ಆಗಲೂ ಸಿಗದಿದ್ದರೆ ಅಂಚೆಯಕ್ಕನ ಫೋನು ಬಾಯಿ ಬಡಿದುಕೊಳ್ಳುತ್ತದೆ. ಓದಿದ ಪತ್ರವೂ ತಲುಪುತ್ತದೆಯೇ ಎಂದು ನೋಡಲೇ ದಿನಾ ಬೆಳಗಿನ ಆ ಸುಳ್ಳು ಇಮೇಲ್. "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದು ತಮ್ಮನ್ನೇ ಚುಚ್ಚಿಕೊಳ್ಳುತ್ತಾರೆ.

ತಿದ್ದಿದ ಪ್ಲಗಿನ್ ಮೊದಲ ಸಲ ಓಡಿದಾಗ, ಹಿಂದೆ ತಪ್ಪಿಹೋಗಿದ್ದ ಪತ್ರಗಳನ್ನೆಲ್ಲ ಹುಡುಕಿ ತೆಗೆಯಿತು. ವಾರ್ಡಿನ ಪ್ರಿಂಟರಿನಿಂದ ಭಾವನ ರಿಪೋರ್ಟು ಹೊರಬಂತು, ನೆತ್ತಿಯ ಮೇಲೆ 'ತುರ್ತು' ಎಂದು. ಆ ಹಾಸಿಗೆಯಲ್ಲಿ ಆಗ ಬೇರೆ ಯಾರೋ ಮಲಗಿದ್ದರು. ಇವರು ಆ ಹಾಳೆಯನ್ನು ಒಯ್ದು ಅಕ್ಕನ ಕೈಗಿಟ್ಟರು. ಅಕ್ಕ ಪೂರ್ತಿ ಓದಿ, ಮಡಚಿ, ಇನ್ನು ಮೇಲೆ ಎಲ್ಲರದೂ ತಲುಪುತ್ತದೆಯೇ ಎಂದಷ್ಟೇ ಕೇಳಿದರು.

ಆಸೆ ಏನೆಂದು ಕೇಳಿದರೆ ಅಂಚೆಯಕ್ಕ ಕಾಫಿ ಲೋಟ ಕೆಳಗಿಡುತ್ತಾರೆ. "ನಾನು ಹೋದ ಮೇಲೂ ಬೆಳಗಾದ್ರೆ ಆ ಸುಳ್ಳು ಪತ್ರ ತೆರೆಯೋಕೆ ಒಬ್ರಿರ್ಬೇಕು. ಅಷ್ಟೇ."

ಫೋನು ಗುನುಗುತ್ತದೆ. ಅಕ್ಕ. ದಿನವೂ ಇದೇ ಹೊತ್ತಿಗೆ, ಇದೊಂದೇ ಪ್ರಶ್ನೆ: "ತಲುಪಿತೇನೇ?"

"ತಲುಪ್ತು, ಅಕ್ಕ."

ಆ ಕಡೆ ಫೋನು ಇಟ್ಟ ಸದ್ದು. "ಅವತ್ತಿಂದ ಒಂದು ದಿನಾನೂ ಅವಳಿಗೆ ಇಲ್ಲ ಅನ್ನೋ ಹಾಗೆ ಆಗಿಲ್ಲ," ಎಂದು ಹೇಳಿ ತಣ್ಣಗಾದ ಕಾಫಿ ಕುಡಿಯುತ್ತಾರೆ.