ದೊಡ್ಡವ್ವನ ರಾಗಿ ಮಡಿ

ಮೊನ್ನೆ ವಿಜಯವಾಡದ ಗವರ್ನರ್‌ಪೇಟೆಯ ಸಗಟು ಅಂಗಡಿಯೊಂದರ ಮುಂದೆ ಆಟೋಗೆ ಕಾಯುತ್ತ ನಿಂತಿದ್ದೆ. ಮಳೆಗೆ ನೆನೆದ ಗೋಣಿಚೀಲಗಳ ವಾಸನೆ ಮೂಗಿಗೆ ಬಡಿಯಿತು. ಹಿಂದೆ ನಾನು ಬಾಡಿಗೆಗಿದ್ದ ಪೆಂಡುರ್ತಿಯ ಮನೆಯ ಹಿತ್ತಿಲು ಕಣ್ಣಮುಂದೆ ಬಂತು... ಒದ್ದೆ ಗೋಣಿ, ಸಗಣಿ, ಬೋರಲು ಹಾಕಿದ ಮಡಕೆ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ನಮ್ಮ ಮನೆಯೊಡತಿ.

ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಹಾವೇರಿ ಕಡೆಯವರು. ಬ್ಯಾಂಕ್ ಗುಮಾಸ್ತರಾಗಿದ್ದ ಗಂಡನ ವರ್ಗಾವಣೆಯ ಜೊತೆ ಬಂದು, ಗಂಡ ತೀರಿಕೊಂಡ ಮೇಲೂ ಅಲ್ಲೇ ಉಳಿದವರು. ಮಗ ಸೊಸೆಯ ಬಾಯಲ್ಲಿ ಬರೀ ತೆಲುಗು. ನಾನೂ ಬ್ಯಾಂಕಿನವಳೇ, ತುಮಕೂರಿನಿಂದ ವರ್ಗವಾಗಿ ಬಂದು ಅವರ ಮಹಡಿಗೆ ಬಾಡಿಗೆಗೆ ಸೇರಿದಾಗ, ಕನ್ನಡ ಕೇಳಿಯೇ ಅವರ ಮುಖ ಅರಳಿತ್ತು.

ದೊಡ್ಡವ್ವ ಕೋಳಿ ಸಾಕುತ್ತಿದ್ದರು. ಮರಿಗಳ ಮೇವಿಗೆ ಅಂಗಡಿಯ ಕಡೆ ತಲೆ ಹಾಕಿದವರಲ್ಲ. ಮಡಕೆಗೆ ಸಗಣಿ, ಹುಲ್ಲು, ಗೋಣಿಚೂರು ತುಂಬಿ, ನೀರು ಚಿಮುಕಿಸಿ ಬೇಲಿಯ ಬಳಿ ಬೋರಲು ಹಾಕಿದರೆ ಮರುದಿನಕ್ಕೆ ಗೆದ್ದಲು ಮುತ್ತಿರುತ್ತಿತ್ತು. ಮರಿಗಳಿಗೆ ಅದೇ ಹಬ್ಬದೂಟ. ಹಿತ್ತಿಲ ನಡುವೆ ಒಂದು ಮಡಿ ರಾಗಿ. ದಿನಕ್ಕೆ ನಾಲ್ಕು ತೆನೆ ಮುರಿದು ಉದುರಿಸುತ್ತಿದ್ದರು.

ಆದರೆ ಹಿಂದಿನ ಎರಡು ಸಲದ ಮರಿಗಳನ್ನು ಹದ್ದು ಒಂದೂ ಬಿಡದೆ ಒಯ್ದಿತ್ತು. ಮಗನಿಗೋ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಈ ಸಲವೂ ಮರಿ ಉಳಿಯದಿದ್ದರೆ ಹಿತ್ತಿಲಿಗೆ ಸಿಮೆಂಟ್ ಹಾಕಿಸುತ್ತೇನೆ ಎಂದುಬಿಟ್ಟಿದ್ದ. ದೊಡ್ಡವ್ವ ಆಗಲಿ ಎಂದಿದ್ದರು. ಗೂಡಿನಲ್ಲಿ ಆಗ ಹತ್ತು ಮರಿ.

ಒಂದು ಭಾನುವಾರ ಅವರು ಸಿಂಹಾಚಲದ ದೇವಸ್ಥಾನಕ್ಕೆ ಹೊರಟರು. ಮರಿಗಳನ್ನು ನನಗೆ ಒಪ್ಪಿಸಿದರು. ರಾಗಿ ಸೀಮೆಯ ಮಗಳು ನಾನು, ಬಲಿತು ನಿಂತ ತೆನೆ ನೋಡಿ ಕೈ ಸುಮ್ಮನಿರಲಿಲ್ಲ. ಅವರಿಗೊಂದು ಕೆಲಸ ಉಳಿಸೋಣವೆಂದು ಕುಡುಗೋಲು ಹಿಡಿದು, ಊರಲ್ಲಿ ಮಾಡುವಂತೆ ಬುಡಕ್ಕೇ ಕೊಯ್ದು ಅಚ್ಚುಕಟ್ಟಾಗಿ ಕಟ್ಟು ಕಟ್ಟಿಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿರುವಾಗ ಹದ್ದಿನ ನೆರಳು ಬಿತ್ತು. ತಾಯಿಕೋಳಿ ಕೂಗಿತು. ಮರಿಗಳು ಎಂದಿನಂತೆ ರಾಗಿಯ ಕಡೆ ಓಡಿದವು... ಅಲ್ಲಿ ರಾಗಿ ಇರಲಿಲ್ಲ. ಕಣ್ಣೆದುರೇ ಒಂದು ಹೋಯಿತು. ನಾನು ಕೋಲು ಹುಡುಕುವಷ್ಟರಲ್ಲಿ ಇನ್ನೊಂದು.

ದೊಡ್ಡವ್ವ ಬಂದು ಬೋಳು ಮಡಿಯನ್ನು ನೋಡಿದರು. ಬೈಯಲಿಲ್ಲ.

“ತೆನಿ ಅಷ್ಟ ಮುರಕೋಬೇಕಿತ್ತವಾ,” ಎಂದರು. “ದಂಟು ಮರಿಗೊಳಿಗೆ ಚಪ್ಪರ ಆಗಿತ್ತು. ಹದ್ದಿನ ಸಲುವಾಗೇ ಈ ಸಲ ಬಿತ್ತಿದ್ದೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹುಟ್ಟಿದಾಗಿನಿಂದ ರಾಗಿ ಕಂಡವಳೆಂಬ ಜಂಬ ನನ್ನದು, ಇಲ್ಲಿ ಅದು ಯಾಕೆ ನಿಂತಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಮರುದಿನ ರಜೆ ಹಾಕಿದೆ. ಕೊಯ್ದ ದಂಟುಗಳನ್ನೇ ಗೂಟಗಳಿಗೆ ಕಟ್ಟಿ ಇಬ್ಬರೂ ಗಿಡ್ಡ ಚಪ್ಪರ ಹಾಕಿದೆವು. ಆಮೇಲೆ ಬೆಳಿಗ್ಗೆ ಬ್ಯಾಂಕಿಗೆ ಹೊರಡುವವರೆಗೆ ನನ್ನ ಕಾವಲು, ಮಿಕ್ಕ ಹೊತ್ತು ಅವರದು. ಊಟದ ಬಿಡುವಿನಲ್ಲಿ ಫೋನ್ ಮಾಡಿ ಎಷ್ಟು ಎಂದು ಕೇಳುತ್ತಿದ್ದೆ, ಅವರು ಎಂಟು ಎನ್ನುತ್ತಿದ್ದರು. ಮರಿಗಳು ರೆಕ್ಕೆ ಬಲಿತು ಗೋಡೆ ಹತ್ತುವ ಹೊತ್ತಿಗೂ ಎಂಟೇ. ಅಂದು ದೊಡ್ಡವ್ವ ಮಗನನ್ನು ಹಿತ್ತಿಲಿಗೆ ಕರೆದು, ನನ್ನ ಭುಜ ಹಿಡಿದು ಹೇಳಿದರು:

“ಎಂಟಕ್ಕ ಎಂಟೂ ಉಳದಾವು ನೋಡು. ಈಕಿ ಕಾದಾಳ.”

ಹೋದ ಎರಡರ ಮಾತೆತ್ತಲೇ ಇಲ್ಲ. ಬಡ್ತಿಯ ಪತ್ರ ಬಂದಾಗಲೂ ನಾನು ಅಷ್ಟು ಬೀಗಿದವಳಲ್ಲ. ಮಗ ಕಾರನ್ನು ಬೀದಿಯಲ್ಲೇ ನಿಲ್ಲಿಸತೊಡಗಿದ.

ವಿಜಯವಾಡಕ್ಕೆ ವರ್ಗವಾದಾಗ ಒಂದು ಹೇಂಟೆಯನ್ನು ಬುಟ್ಟಿಯಲ್ಲಿಟ್ಟು ಕೊಟ್ಟರು. ಇಲ್ಲಿಯೂ ಒಂದು ಮಡಿ ರಾಗಿ ಹಾಕಿದ್ದೇನೆ, ತೆನೆಯಷ್ಟೇ ಮುರಿಯುತ್ತೇನೆ. ಕೋಳಿ ಮರಿ ಮಾಡಿದಾಗಲೆಲ್ಲ ಸಂಜೆ ಅವರದೇ ಫೋನ್, ಎಷ್ಟು ಎಂದು. ಹೋದ ವರ್ಷ ಅವರು ತೀರಿಕೊಂಡರು. ಅವರಿರುವ ತನಕ ಆ ಹಿತ್ತಿಲಿಗೆ ಸಿಮೆಂಟ್ ಬೀಳಲಿಲ್ಲ. ಈಗ ಬಿದ್ದಿದೆಯಂತೆ.

ಮೊನ್ನೆ ಆಟೋ ಇಳಿದವಳು ನೇರ ನನ್ನ ಮನೆಯ ಹಿತ್ತಿಲಿಗೆ ಹೋದೆ. ದಂಟುಗಳ ಸಂದಿಯಿಂದ ಒಂದೊಂದೇ ಮರಿ ಹೊರಬಂದು ಗೂಡು ಸೇರಿತು. ಹನ್ನೊಂದು. ಒಂದೂ ಹೋಗಿಲ್ಲ. ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡೆ... ಎಷ್ಟು ಎಂದು ಕೇಳುವವರು ಇರಲಿಲ್ಲ.