ಶಿಲುಬೆ ಬಿಟ್ಟುಕೊಟ್ಟ ಸೇನಾಪತಿ

ಕ್ರಿ.ಶ. 614ರಲ್ಲಿ ಪರ್ಷಿಯಾದ ಸೈನ್ಯ ಬೈಜಾಂಟೈನ್ ಸಾಮ್ರಾಜ್ಯದ ಕೈಯಿಂದ ಜೆರುಸಲೇಮನ್ನು ಗೆದ್ದುಕೊಂಡಿತು. ಯೇಸುವನ್ನು ಏರಿಸಿದ್ದೆಂದು ಕ್ರೈಸ್ತರು ನಂಬಿದ್ದ ಶಿಲುಬೆಯನ್ನೂ ನಗರದ ಧರ್ಮಗುರುವನ್ನೂ ತನ್ನೊಡನೆ ಒಯ್ದಿತು.

2014ರ ಒಂದು ಶುಕ್ರವಾರ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾವೊಂದರಲ್ಲಿ, ಈ ಘಟನೆ ತಾಳಮದ್ದಳೆಯ ಪ್ರಸಂಗವಾಯಿತು. ನಮ್ಮ ಉಡುಪಿ ಕಡೆಯವರ ಕೂಟ ಅದು. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ವೇಷವಿಲ್ಲದೆ ಎದುರುಬದುರು ಕೂತು, ಪಾತ್ರವಾಗಿ ವಾದಿಸುತ್ತಾರೆ. ಮಾತು ಬರೆದುಕೊಂಡು ಬರುವಂತಿಲ್ಲ. ಕತೆಯ ಕೊನೆ ಬದಲಿಸುವಂತಿಲ್ಲ.

ಪ್ರಸಂಗ ರಚಿಸಿದವರು ನನ್ನ ಅತ್ತಿಗೆ, ಅಲ್ ಐನ್‌ನ ಶಾಲೆಯೊಂದರಲ್ಲಿ ಇತಿಹಾಸದ ಟೀಚರ್. ಆ ಕೂಟದಲ್ಲಿ ಅದುವರೆಗೆ ಹೆಂಗಸರು ಅರ್ಥ ಹೇಳಿರಲಿಲ್ಲ. ಧರ್ಮಗುರುವಿನ ಪಾತ್ರ ಅವರಿಗೆ ಸಿಕ್ಕಿದ್ದು ಒಂದು ಷರತ್ತಿನ ಮೇಲೆ: ಪ್ರಸಂಗ ಕೆಟ್ಟರೆ ಮತ್ತೆ ಪಾತ್ರ ಕೇಳಬಾರದು. ಎದುರಿಗೆ ಸೇನಾಪತಿಯಾಗಿ ಕೂತವರು ಹೋಟೆಲ್ ನಡೆಸುವ ಹಿರಿಯರು, ನಮ್ಮಲ್ಲೆಲ್ಲ ಹೆಚ್ಚು ಪಳಗಿದ ಅರ್ಥಧಾರಿ.

“ಟೀಚರೇ, ಇಲ್ಲಿ ಬೆಲ್ ಹೊಡೆಯುವುದಿಲ್ಲ, ನಾನು ಬಿಡುವುದೂ ಇಲ್ಲ,” ಎಂದರು ಚಹಾ ಕುಡಿಯುತ್ತ.

“ನೀವು ಹೋಂವರ್ಕ್ ಮಾಡಿಕೊಂಡು ಬಂದಿದ್ದರೆ ಸಾಕು,” ಎಂದರು ಅತ್ತಿಗೆ.

ಪ್ರಸಂಗ ಶುರುವಾಯಿತು. ಧರ್ಮಗುರುವಾಗಿ ಅತ್ತಿಗೆ ಒಡೆದ ಕೋಟೆಯ, ಸತ್ತವರ ಬಗ್ಗೆ ಮಾತಾಡಿದರು. ದನಿ ಏರಿಸಲಿಲ್ಲ. ಹಿರಿಯರ ಕಣ್ಣು ತೇವವಾಯಿತು. ಪುರಾಣದ ಪಾತ್ರಗಳಲ್ಲಿ ವರ ಕೊಟ್ಟು ಕೊಟ್ಟು ಅಭ್ಯಾಸವಾದವರು.

“ಮೆಚ್ಚಿದೆ ಗುರುಗಳೇ. ಶಿಲುಬೆ ನಿಮ್ಮಲ್ಲೇ ಇರಲಿ,” ಎಂದುಬಿಟ್ಟರು.

ಮದ್ದಳೆಯವರು ಭಾಗವತರ ಮುಖ ನೋಡಿದರು. ಮುಂದಿನ ಪದ, ಶಿಲುಬೆ ಪರ್ಷಿಯಾಕ್ಕೆ ಹೊರಡುವುದು. ಹಿರಿಯರಿಗೂ ಆಗ ಹೊಳೆಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ.

“ಸೇನಾಪತಿಗಳೇ, ದೊಡ್ಡ ಮನಸ್ಸು ನಿಮ್ಮದು,” ಎಂದರು ಅತ್ತಿಗೆ. “ಆದರೆ ಗೆದ್ದದ್ದೆಲ್ಲ ನಿಮ್ಮ ಚಕ್ರವರ್ತಿಯದು. ಬರಿಗೈಯಲ್ಲಿ ಹೋದರೆ ನಿಮ್ಮ ತಲೆ ಉಳಿಯುವುದಿಲ್ಲ. ಈ ಊರು ನೋಡಿದ ಸಾವು ಸಾಕು. ಶಿಲುಬೆಯ ಹೆಸರಿನಲ್ಲಿ ಇನ್ನೊಂದು ಬೇಡ. ತೆಗೆದುಕೊಂಡು ಹೋಗಿ. ಕಾಯುವುದಕ್ಕೆ ನಾನೂ ಬರುತ್ತೇನೆ.”

ಹಿರಿಯರು ಕೂತಲ್ಲೇ ಕೈಮುಗಿದರು. ಭಾಗವತರು ಪದ ಎತ್ತಿಕೊಂಡರು.

ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯ ಸುದ್ದಿಮನೆಯಲ್ಲಿ ತಪ್ಪು ತಿದ್ದುವವರನ್ನು ದಿನವೂ ನೋಡುತ್ತಿದ್ದೆ. ತಪ್ಪಿದವರ ಮರ್ಯಾದೆ ಉಳಿಸಿ ತಿದ್ದಿದ್ದನ್ನು ಅಂದು ನೋಡಿದೆ.

ಮರುದಿನ ಅಲ್ ಮೀನಾದ ಮೀನು ಮಾರ್ಕೆಟ್ಟಿನಿಂದ ಹಿರಿಯರು ಅತ್ತಿಗೆಗೆ ಫೋನ್ ಮಾಡಿದರು. “ಟೀಚರೇ, ಮುಂದಿನ ಸಲವೂ ಎದುರಿಗೆ ನೀವೇ. ನನ್ನ ತಲೆ ಉಳಿಸಿದವರನ್ನು ಬಿಡುವುದುಂಟಾ?”

ಶಿಲುಬೆ 630ರ ಹೊತ್ತಿಗೆ ಜೆರುಸಲೇಮಿಗೆ ಮರಳಿತು. ಅತ್ತಿಗೆ ಈಗಲೂ ಅಲ್ ಐನ್‌ನಿಂದ ಕಾರು ಓಡಿಸಿಕೊಂಡು ಬಂದು ಆ ಕೂಟದಲ್ಲಿ ಅರ್ಥ ಹೇಳುತ್ತಾರೆ.