ಟೈಲರಕ್ಕ ಕೈಕಟ್ಟಿ ಕೂತದ್ದು

ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದ ಟೈಲರಕ್ಕನ ಕೈಕೆಳಗೆ ಒಂದು ನರಪಿಳ್ಳೆಯೂ ಹೊಲಿಗೆ ಕಲಿತಿರಲಿಲ್ಲ. ಯಾರಾದರೂ ಕತ್ತರಿ ಹಿಡಿದರೆ "ಕೊಡು ಇಲ್ಲಿ", ಮೆಷಿನ್ ಮುಂದೆ ಕೂತರೆ "ಏಳು ಮೇಲೆ". ಬಂದವರೆಲ್ಲ ಗುಂಡಿ ಹಾಕುತ್ತಲೇ ಮುದುಕರಾಗುವ ಲಕ್ಷಣ ಕಂಡು ಕಾಲಿಗೆ ಬುದ್ಧಿ ಹೇಳಿದ್ದರು. ಇಂಥ ಮಹಾತಾಯಿ ಐವತ್ತು ದಾಟಿದ ಮೇಲೆ ಸ್ವಯಂಸೇವಕಿಯಾಗಿ ಪರದೇಶಕ್ಕೆ ಹೋಗಿ ಅಲ್ಲಿನ ಹೆಂಗಸರಿಗೆ ಹೊಲಿಗೆ ಕಲಿಸುತ್ತೇನೆಂದು ಹೊರಟಾಗ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಅಕ್ಕನಿಗೆ ಚುರುಕ್ಕೆಂದಿತ್ತು. ಒಬ್ಬರಿಗಾದರೂ ಕಲಿಸಿಯೇ ಊರಿಗೆ ಮುಖ ತೋರಿಸುವುದೆಂದು ಹಟ ತೊಟ್ಟು ವಿಮಾನ ಹತ್ತಿದಳು.

ಮೊದಲ ಮೂರು ತಿಂಗಳು ಆ ದೇಶದ ಒಂದು ಮನೆಯಲ್ಲಿದ್ದುಕೊಂಡು ತರಬೇತಿ. ಬೆಳಿಗ್ಗೆ ತಾನು ಭಾಷೆ ಕಲಿಯುವುದು, ಮಧ್ಯಾಹ್ನ ಆ ಮನೆಯ ಸೊಸೆಗೆ ಹೊಲಿಗೆ ಕಲಿಸುವುದು. ತರಬೇತುದಾರ, ಅಕ್ಕನ ಮಗನ ವಯಸ್ಸಿನ ಕಡ್ಡಿ ಪೈಲ್ವಾನ, ಮೊದಲ ದಿನವೇ ತಾಕೀತು ಮಾಡಿದ್ದ: ಕಲಿಯುವವರ ಬಟ್ಟೆಯನ್ನು ಕಲಿಸುವವರು ಮುಟ್ಟಕೂಡದು, ಏನಿದ್ದರೂ ಬಾಯಲ್ಲಿ ಹೇಳಬೇಕು. ಭಾಷೆ ಇನ್ನೂ ತೊದಲುತ್ತಿದ್ದ ಅಕ್ಕನಿಗೆ ಬಾಯಿ, ಕೈ ಎರಡನ್ನೂ ಕಟ್ಟಿಹಾಕಿದ ಹಾಗಾಯಿತು.

ಸೊಸೆ ಚೂಟಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಡುವ ಆಸೆ ಅವಳಿಗೆ. ಅತ್ತೆಯೂ ಹೂಂ ಅಂದಿದ್ದಳು. ಆದರೆ ಅಂಗಿಗೆ ತೋಳು ಕೂರಿಸುವಾಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟು ಹೊಲಿದುಬಿಡುವಳು. ಕಂಕುಳಲ್ಲಿ ಬಟ್ಟೆ ಮುದ್ದೆಯಾಗುತ್ತಿತ್ತು. ಅಕ್ಕ ಹಲ್ಲು ಕಚ್ಚಿಕೊಂಡು ನೋಡುವಳು. ಸೊಸೆ ಹಾಲು ತರಲು ಹೊರಬಿದ್ದದ್ದೇ ತಡ, ಸರಸರ ಬಿಚ್ಚಿ, ಸರಿಯಾಗಿ ಕೂರಿಸಿ, ಏನೂ ಅರಿಯದವಳ ಹಾಗೆ ಭಾಷೆಯ ಪುಸ್ತಕ ಹಿಡಿದು ಕೂರುವಳು. ಸೊಸೆ ಬಂದು ಅಂಗಿ ಕೊಡವಿ ನೋಡಿ ಹಿಗ್ಗುವಳು. ಅವಳ ಹಿಗ್ಗು ಕಂಡು ಅಕ್ಕನೂ ಹಿಗ್ಗುವಳು. ಹೀಗೇ ದಿನ ಕಳೆದು, ತಾನು ನಿಜವಾಗಿಯೂ ಕಲಿಸುತ್ತಿದ್ದೇನೆಂದು ಅವಳೇ ನಂಬಿಬಿಟ್ಟಿದ್ದಳು.

ಕೊನೆಯ ವಾರ ಪರೀಕ್ಷೆ. ತರಬೇತುದಾರನೆದುರು ಸೊಸೆ ಪೂರ್ತಿ ಅಂಗಿ ಹೊಲಿಯಬೇಕು, ಅಕ್ಕ ಸುಮ್ಮನೆ ಕೂತಿರಬೇಕು. ಅಂಗಿ ಸರಿಯಾದರೆ ಅಕ್ಕನನ್ನು ಕಲಿಸುವ ಕೆಲಸಕ್ಕೆ ಒಂದು ಊರಿಗೆ ಕಳಿಸುತ್ತಾರೆ. ಇಲ್ಲವಾದರೆ ತಂಗಿಯೆದುರು ಪೆಟ್ಟಿಗೆ ಇಳಿಸುವ ಯೋಗ. ಕುತ್ತಿಗೆ, ಹೆಗಲು ಎಲ್ಲ ನೆಟ್ಟಗೆ ಬಂತು. ಆಮೇಲೆ ತೋಳು. ಎಡದ್ದು ಬಲಕ್ಕೆ. ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡಳು. ಕೆಮ್ಮಿ ಸೂಚನೆ ಕೊಟ್ಟಳು. ತರಬೇತುದಾರ ಪಾಪ, ಎದ್ದುಹೋಗಿ ನೀರು ತಂದುಕೊಟ್ಟ.

ಸೊಸೆ ಅಂಗಿ ಕೊಡವಿದಳು. ತಿರುಗಿಸಿ ಮುರುಗಿಸಿ ನೋಡಿದಳು. ದಿನಾ ಹೀಗೇ ಹೊಲಿಯುತ್ತೇನೆ, ಚೆನ್ನಾಗಿಯೇ ಬರುತ್ತದೆ, ಇವತ್ತೇನಾಯಿತೋ ಎಂದು ಗೊಣಗಿದವಳು ಇದ್ದಕ್ಕಿದ್ದಂತೆ ಅಕ್ಕನ ಕಡೆ ತಿರುಗಿದಳು.

"ಅಕ್ಕಾ, ನಾನು ಹಾಲಿಗೆ ಹೋದಾಗ ನೀವೇನು ಮಾಡ್ತಿದ್ರಿ?"

ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದಳು, ನಾಚಿಕೆಯಿಂದ ಹಿಡಿಯಷ್ಟಾಗಿ. ಹೇಳುತ್ತಲೇ, ಕೊಡು ಬಿಚ್ಚಿಕೊಡ್ತೀನಿ ಎಂದು ಕೈ ಚಾಚಿದಳು. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ.

"ಮುಟ್ಬೇಡಿ," ಎಂದ ಸೊಸೆ ಅಂಗಿಯನ್ನು ಎದೆಗೆ ಅವುಚಿಕೊಂಡು ಗೋಡೆಯ ಬದಿಗೆ ಹೋಗಿ ಕೂತಳು. ಅವಳ ಕಣ್ಣಲ್ಲಿ ನೀರಿತ್ತು. ತಾನೇ ಹೊಲಿಗೆ ಬಿಚ್ಚಿದಳು. ತೋಳುಗಳನ್ನು ನೆಲದ ಮೇಲೆ ಹರಡಿ ಒಂದರ ಪಕ್ಕ ಒಂದನ್ನು ಇಟ್ಟು ಬಹಳ ಹೊತ್ತು ನೋಡಿದಳು. ಹೊಲಿದಳು, ತಪ್ಪಿತು, ಮತ್ತೆ ಬಿಚ್ಚಿದಳು. ಹೊರಗೆ ಬಿಸಿಲಿಳಿಯುವಾಗ ಎಡತೋಳು ಎಡಕ್ಕೇ ಕೂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಕ್ಕನ ಕಣ್ಣೆದುರು ಒಬ್ಬರು ಕಲಿತಿದ್ದರು.

ತರಬೇತುದಾರ ತಲೆ ಕೆರೆದುಕೊಂಡ. ಈಗ ನಿಮ್ಮ ಟೀಚರನ್ನು ಏನು ಮಾಡುವುದು ಎಂದು ಸೊಸೆಯನ್ನೇ ಕೇಳಿದ.

ಸೊಸೆ ಹಲ್ಲಿನಲ್ಲಿ ದಾರ ಕಡಿದಳು. "ಇನ್ನೊಂದು ತಿಂಗಳು ನಮ್ಮನೇಲೇ ಇರ್ಲಿ ಬಿಡಿ," ಅಂದಳು. "ಕಲೀತಾರೆ."